ನಾಯಕನಿಗೊಂದು ಬಾಗಿಲು, ಅತ್ತೆಗೊಂದು ಬಾಗಿಲು

ನಮ್ಮ ನಾಯಕನಟ ಬಾಗಿಲನ್ನು ಕೈಯಿಂದ ತೆಗೆದದ್ದನ್ನು ಈ ಭೂಮಿಯ ಮೇಲೆ ಯಾರೂ ಕಂಡಿಲ್ಲ! ಚಿಲಕ ಎಂಬ ವಸ್ತುವಿನ ಪರಿಚಯವೇ ಅವರಿಗಿಲ್ಲ. ಮೂವತ್ತೊಂದು ಚಿತ್ರ, ಮೂವತ್ತೊಂದು ಒದೆ. ಜೈಲಿರಲಿ, ಗೋದಾಮಿರಲಿ, ಖಳನಾಯಕನ ಬಂಗಲೆಯಿರಲಿ, ಆ ಬಲಗಾಲು ಮೇಲೆದ್ದಿತೆಂದರೆ ಬಾಗಿಲು ಐದು ಹೋಳು, ಚಿತ್ರಮಂದಿರ ಹತ್ತು ಹೋಳು! ಹುಟ್ಟಿದ ದಿನ ಆಸ್ಪತ್ರೆಯ ಕೋಣೆಯಿಂದ ಹೊರಬಂದದ್ದೂ ಹಾಗೆಯೇ, ದಾದಿ ಬಾಗಿಲು ತೆಗೆಯುವಷ್ಟು ತಾಳ್ಮೆ ಮಗುವಿಗಿರಲಿಲ್ಲ ಎಂದು ಅಭಿಮಾನಿಗಳು ಹೇಳುತ್ತಾರೆ. ನಾನು ಇದನ್ನು ಪೂರ್ತಿ ನಂಬುತ್ತೇನೆ. ನಂಬದೆ ಏನು ಮಾಡಲಿ? ಆ ಬಾಗಿಲುಗಳನ್ನು ಮಾಡಿಕೊಡುವವನೇ ನಾನು!

ಹೌದು, ನಾನು ಬಡಗಿ. ಮನೆಯ ಮುಂದೆ ಕಾರ್ಖಾನೆ, ಹಿಂದೆ ಸಂಸಾರ. ಒಡೆಯದ ಬಾಗಿಲನ್ನು ಯಾರು ಬೇಕಾದರೂ ಮಾಡಿಯಾರು. ಒಡೆಯುವ ಬಾಗಿಲಿಗೆ ಕಲೆ ಬೇಕು. ಕಾಗದದಷ್ಟು ತೆಳು ಹಲಗೆ, ಅಂಚಿಗೆ ಮಾತ್ರ ದಪ್ಪ ಪಟ್ಟಿ, ಹಿಂಬದಿಯಲ್ಲಿ ಗರಗಸದ ಗೀರು, ಗೀರಿನೊಳಗೆ ಅಂಟು ಕಲೆಸಿದ ಮರದ ಹೊಟ್ಟು, ಮೇಲೆ ಗಟ್ಟಿ ಬಣ್ಣ. ನೋಡಿದರೆ ಕೋಟೆ ಬಾಗಿಲು, ಸೀನಿದರೆ ಸೌದೆ!

ಆದ್ದರಿಂದ ಅವರ ಇತ್ತೀಚಿನ ಚಿತ್ರಗಳ ಬಗ್ಗೆ ಅಭಿಪ್ರಾಯ ಹೇಳುವ ಹಕ್ಕು ಲೋಕದಲ್ಲಿ ಒಬ್ಬನಿಗಿದ್ದರೆ ಅದು ನನಗೆ. ಬೀದಿಯ ಕೊನೆಯ ಕ್ಷೌರದಂಗಡಿಯಲ್ಲಿ ದಿನವೂ ಹೇಳುತ್ತೇನೆ. ಅರ್ಧ ಗಡ್ಡ ಬೋಳಿಸಿಕೊಂಡವರು ಎದ್ದು ಹೋಗಲಾರದೆ ಕೇಳುತ್ತಾರೆ. ನಾಯಕರು ಹಡಗಿನ ಕಪ್ತಾನನಾಗಿದ್ದ ಚಿತ್ರದ ಕಥೆ ಮೊದಲ ರೀಲಿನಲ್ಲೇ ಮುಳುಗಿತು. ಆದರೆ ಎಂಜಿನ್ ಕೋಣೆಯ ಬಾಗಿಲು! ಅದರ ನಡುಹಲಗೆ ನಾಯಕಿಗಿಂತ ಚೆನ್ನಾಗಿ ಮೂರ್ಛೆ ಹೋಯಿತು. ಮುಂದಿನದು ದ್ವಿಪಾತ್ರ: ಒರಟ ಅಣ್ಣ, ಸಾಧು ತಮ್ಮ. ತಮ್ಮನೂ ಒದೆಯುತ್ತಾನೆ, ಆದರೆ ಒದ್ದ ಮೇಲೆ ಬಾಗಿಲಿನ ಕ್ಷಮೆ ಕೇಳುತ್ತಾನೆ. ಅಭಿನಯ ಅಂದರೆ ಅದು! ಹೋದ ವರ್ಷ ನ್ಯಾಯಾಧೀಶನಾದರು. ಮಧ್ಯಂತರದವರೆಗೆ ಬರೀ ತೀರ್ಪು, ಒಂದೇ ಒಂದು ಒದೆಯಿಲ್ಲ. ಚಿತ್ರ ಮಕಾಡೆ ಮಲಗಿತು.

ಒಂದು ಗುಟ್ಟನ್ನು ಮಾತ್ರ ಕ್ಷೌರದಂಗಡಿಯಲ್ಲಿ ಹೇಳಿಲ್ಲ. ಚಿತ್ರದಿಂದ ಚಿತ್ರಕ್ಕೆ ಸ್ಟುಡಿಯೋದವರು "ಇನ್ನೂ ಸ್ವಲ್ಪ ತೆಳು ಮಾಡಪ್ಪ" ಎಂದು ಹೇಳಿಕಳಿಸುತ್ತಿದ್ದರು. ನಮ್ಮ ನಾಯಕನ ನಿಜವಾದ ವಯಸ್ಸು ಗೊತ್ತಿರುವುದು ಇಬ್ಬರಿಗೇ: ಅವರ ತಾಯಿಗೆ ಮತ್ತು ನನ್ನ ಗರಗಸಕ್ಕೆ!

ಮೂವತ್ತೆರಡನೆಯ ಚಿತ್ರದ ಬಾಗಿಲು ಮಾಡಲು ಹೇಳುವಾಗ ಕಲಾ ನಿರ್ದೇಶಕರ ದನಿ ಗಂಭೀರವಾಗಿತ್ತು. "ಈ ಚಿತ್ರವೂ ಬಿದ್ರೆ ನಾಯಕರು ಏಳಲ್ಲ. ಒದೆಯಲ್ಲಿ ಎಡವಟ್ಟಾಯ್ತೋ, ಮುಂದಿನ ಬಾಗಿಲು ಬೇರೆ ಬಡಗಿಗೆ."

"ಈ ಕೈ ತಪ್ಪಿದ ದಿನ ಉಳಿ ಹಿಡಿಯೋದೇ ಬಿಟ್ಟೆ ಅಂತ ತಿಳ್ಕೊಳ್ಳಿ!" ಎಂದೆ. ಹಿಂದಿನಿಂದ ಹೆಂಡತಿ ಕೆಮ್ಮಿದಳು.

"ರೀ, ಒಡೆಯೋಕೆ ಮೂವತ್ತೊಂದು ಮಾಡಿದ್ರಿ. ಮುಚ್ಚೋಕೆ ಒಂದು ಮಾಡಿ."

ಅವಳ ಮಾತಿನಲ್ಲಿ ನ್ಯಾಯವಿತ್ತು. ನಮ್ಮ ಬಚ್ಚಲುಮನೆಯ ಬಾಗಿಲು ನೀರು ಕುಡಿದು ಊದಿ, ಚೌಕಟ್ಟಿನೊಂದಿಗೆ ವಿಚ್ಛೇದನ ಪಡೆದು ಒಂಬತ್ತು ವರ್ಷವಾಗಿತ್ತು. ಒಳಗಿರುವವರು ತಾವು ಒಳಗಿದ್ದೇವೆಂದು ಸಾರುತ್ತಿರಬೇಕು. ಅವಳು ಚೊಂಬು ಬಡಿಯುತ್ತಾಳೆ, ನಾನು ಹಾಡುತ್ತೇನೆ. ಆದರೆ ಅತ್ತೆಗೆ ಕಿವಿ ಮಂದ. "ಒಳಗೆ ಯಾರಾದ್ರೂ ಇದ್ದೀರಾ?" ಎಂದು ಕೇಳುತ್ತಾರೆ, ಉತ್ತರ ಕೇಳಿಸದೆ ಬಂದೇಬಿಡುತ್ತಾರೆ. ಹೋದ ಸಲ ನಾನು ಮೈತುಂಬ ಸೋಪು ಹಚ್ಚಿಕೊಂಡು ಹಾಡಿನ ಎರಡನೆಯ ಚರಣದಲ್ಲಿದ್ದೆ. ಅಂದಿನಿಂದ ಅತ್ತೆ, ಅಳಿಯ ಮುಖ ಕೊಟ್ಟು ಮಾತಾಡಿಲ್ಲ.

"ಭಾನುವಾರ ಅಮ್ಮ ಬರ್ತಾರೆ, ಒಂದು ತಿಂಗಳಿಗೆ," ಎಂದಳು. "ಅಷ್ಟರಲ್ಲಿ ಬಾಗಿಲು ಇರ್ಬೇಕು. ಇಲ್ಲಾಂದ್ರೆ ನೀವು ಇರ್ಬಾರ್ದು."

ಮಾಡಿದೆ! ಒಂದೇ ವಾರದಲ್ಲಿ ಎರಡೂ ಬಾಗಿಲು. ನಾಯಕನದು ತೆಳು ಹಲಗೆಯದು, ಅತ್ತೆಯದು ಅಪ್ಪಟ ತೇಗದ್ದು. ಆನೆ ಬಂದರೂ ಅದು ಕದಲಬಾರದು. ಅಳತೆ ಹೇಗೂ ಒಂದೇ ಇತ್ತು. ಒಂದೇ ಡಬ್ಬಿಯ ನೀಲಿ ಬಣ್ಣ ಎರಡಕ್ಕೂ ಸಾಕಾಯಿತು. ಎರಡಕ್ಕೂ ಒಳಬದಿಗೆ ಹಿತ್ತಾಳೆ ಚಿಲಕ. ಗುರುತಿಗೆ ಒಂದರ ಹಿಂದೆ ಸೀಸದ ಕಡ್ಡಿಯಲ್ಲಿ 'ನಾಯಕ' ಎಂದು ಬರೆದಿದ್ದೆ. ಆಮೇಲೆ, ಕೆಲಸದ ಹುರುಪಿನಲ್ಲಿ, ಆ 'ನಾಯಕ'ನ ಮೇಲೂ ಎರಡು ಕೋಟ್ ಬಣ್ಣ ಹೊಡೆದೆ.

ಶನಿವಾರ ಬಾಗಿಲು ಒಯ್ಯಲು ಸ್ಟುಡಿಯೋದ ಇಬ್ಬರು ಹಮಾಲರು ಬಂದರು. ನಾನು ಬಾಚಿಯನ್ನು ರಾಜದಂಡದಂತೆ ಹಿಡಿದು ನಿಂತು, "ಅದೇ, ಎಡಗಡೆದು. ಜೋಪಾನ! ಉಸಿರು ತಾಗಿದ್ರೂ ಒಡೀತದೆ!" ಎಂದೆ.

"ಅಣ್ಣಾ, ಸಿಕ್ಕಾಪಟ್ಟೆ ಭಾರ ಇದೆ," ಎಂದು ಒಬ್ಬ ಏದುಸಿರು ಬಿಟ್ಟ.

"ನಾಯಕರ ಬಾಗಿಲು ಕಣಯ್ಯ! ಹಗುರ ಇರ್ತದಾ?"

ಸಂಜೆ ಉಳಿದ ಬಾಗಿಲನ್ನು ನಾನೇ ಬಚ್ಚಲಿಗೆ ಕೂರಿಸಿದೆ. ಏನು ಹೇಳಲಿ! ಒಂದೇ ಕೈಯಲ್ಲಿ ಎತ್ತಿದೆ! "ನೋಡೇ," ಎಂದೆ, "ಐವತ್ತೆರಡಾಯ್ತು. ತೋಳಲ್ಲಿ ಇನ್ನೂ ಕಸುವಿದೆ!"

ಅವಳು ಬಾಗಿಲನ್ನು ಬೆರಳಿಂದ ಮುಟ್ಟಿ ನೋಡಿದಳು. "ಯಾಕೋ ರಟ್ಟಿನ ಹಾಗಿದೆಯಲ್ರೀ?"

"ಬಡಗಿ ನೀನೋ ನಾನೋ?"

ಅವಳು ಸುಮ್ಮನಾದಳು. ಅವಳು ಸುಮ್ಮನಾದಾಗಲೆಲ್ಲ ನನಗೆ ಗಂಡಾಂತರ ಕಾದಿರುತ್ತದೆ. ಇಪ್ಪತ್ತಾರು ವರ್ಷವಾದರೂ ನಾನದನ್ನು ಕಲಿತಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ. ಅತ್ತ ಸ್ಟುಡಿಯೋದಲ್ಲಿ ಕ್ಯಾಮೆರಾ ಸಿದ್ಧ. ಇತ್ತ ನಾನು ಬಚ್ಚಲಿನಲ್ಲಿ, ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಚಿಲಕ ಹಾಕಿಕೊಂಡು, ಹಾಡದೆ, ಮೌನವಾಗಿ, ಮಹಾರಾಜನ ಹಾಗೆ ಸೋಪು ಹಚ್ಚಿಕೊಳ್ಳುತ್ತಿದ್ದೆ. ಹೊರಗಿನಿಂದ ಅತ್ತೆಯ ದನಿ: "ಒಳಗೆ ಯಾರಾದ್ರೂ ಇದ್ದೀರಾ?"

ಮರ್ಯಾದಸ್ಥೆ. ಹೊಸ ಬಾಗಿಲೆಂದು ಒಂದೇ ಒಂದು ಬೆರಳು ಮಡಚಿ ತಟ್ಟಿದರು. ಟಕ್!

ಧಡಾರ್! ಬಾಗಿಲು ಐದು ಹೋಳು! ನಡುಹಲಗೆ ಬಕೆಟ್ಟಿನೊಳಗೆ ಲಗಾಟಿ ಹೊಡೆಯಿತು. ಚಿಲಕ ಚೌಕಟ್ಟಿಗೆ ನೇತುಬಿದ್ದು ತೂಗಾಡಿತು. ಧೂಳಿನ ಮೋಡದ ನಡುವೆ, ಬೆರಳೆತ್ತಿದ ಭಂಗಿಯಲ್ಲೇ, ಎಪ್ಪತ್ತಮೂರು ವರ್ಷದ ನಮ್ಮ ಅತ್ತೆ! ನಾಯಕನ ಮೂವತ್ತೊಂದು ಪ್ರವೇಶಗಳನ್ನು ನಿವಾಳಿಸಿ ಎಸೆಯಬೇಕು, ಅಂಥ ಪ್ರವೇಶ.

"ಅಯ್ಯೋ, ಅಳಿಯಂದ್ರೇ!" ಎಂದು ಅತ್ತೆ ಕಣ್ಣು ಮುಚ್ಚಿಕೊಂಡರು.

ಹೆಂಡತಿ ಓಡಿಬಂದು ಟವೆಲು ಎಸೆದಳು. "ನಮ್ಮಮ್ಮ ಬೆರಳಲ್ಲೇ ಒಡೆದ್ರಲ್ರೀ! ನಿಮ್ಮ ನಾಯಕರಿಗೆ ಕಾಲೇ ಬೇಕು!"

ಆಗ ಮಿಂಚು ಹೊಡೆಯಿತು ನೋಡಿ. ಇಲ್ಲಿ ಒಡೆದದ್ದು ಅಲ್ಲಿಯದು! ಹಾಗಾದರೆ ಅಲ್ಲಿರುವುದು? ಆನೆ ಬಂದರೂ... ಅಯ್ಯಯ್ಯೋ, ಬರುತ್ತಿರುವುದು ಆನೆಯಲ್ಲ, ಬರೀ ಕಾಲೆತ್ತಿ ತೋರಿಸುವ ನಮ್ಮ ಬಡಪಾಯಿ ನಾಯಕ! ಟವೆಲಿನಲ್ಲೇ ಫೋನಿಗೆ ಓಡಿದೆ. ನಾನು ಎತ್ತುವ ಮೊದಲೇ ಅದು ಬಡಿದುಕೊಂಡಿತು.

"ಬಾಗಿಲು ಒಡೀಲಿಲ್ಲ!" ಕಲಾ ನಿರ್ದೇಶಕರ ಗರ್ಜನೆ.

"ಕಾ... ಕಾಲು?"

"ಊದಿ ಕುಂಬಳಕಾಯಿ ಆಗಿದೆ, ಇನ್ನೊಂದು ಟೇಕ್ ಆಗಲ್ಲ. ನೀನು ಉಳಿ ಕೆಳಗಿಡು."

ನಾಲ್ಕು ತಿಂಗಳು ನಾನು ಕ್ಷೌರದಂಗಡಿಗೆ ಹೋಗಲಿಲ್ಲ. ಗಡ್ಡ ಎದೆಗಿಳಿಯಿತು. ಬಚ್ಚಲಿಗೆ ಹೊಸದಾಗಿ ತೇಗದ ಬಾಗಿಲು ಮಾಡಿದೆ. ಹೆಂಡತಿ ಅದನ್ನು ಎರಡು ಬಾರಿ ಒದ್ದು ನೋಡಿಯೇ ಒಪ್ಪಿದಳು. ಚಿತ್ರ ಬಿಡುಗಡೆಯಾದಾಗ ಅವಳೇ ನನ್ನನ್ನೂ, ಒಂದು ತಿಂಗಳಿಗೆಂದು ಬಂದು ಇನ್ನೂ ಹೋಗಿರದ ತನ್ನ ತಾಯಿಯನ್ನೂ ಎಳೆದೊಯ್ದಳು.

ಆ ದೃಶ್ಯ ಬಂತು. ನಾಯಕ ನಡೆದು ಬಂದರು. ಕಾಲೆತ್ತಿದರು. ಧೊಪ್! ನನ್ನ ನೀಲಿ ಬಾಗಿಲು ಅಲ್ಲಾಡಲಿಲ್ಲ. ಚಿತ್ರಮಂದಿರ ಉಸಿರು ಬಿಗಿಹಿಡಿಯಿತು. ನಾಯಕ ಬಾಗಿಲನ್ನೇ ನೋಡಿದರು. ಕಣ್ಣಲ್ಲಿ ನೀರು ತುಂಬಿತು. ಮೆಲ್ಲನೆ ಕಾಲಿಳಿಸಿದರು, ಕಾಲರು ಸರಿಮಾಡಿಕೊಂಡರು. ಆಮೇಲೆ ಒಂದೇ ಬೆರಳು ಮಡಚಿ... ಟಕ್, ಟಕ್! ಒಳಗಿದ್ದ ಖಳನಾಯಕ ತಬ್ಬಿಬ್ಬಾಗಿ ತಾನೇ ಚಿಲಕ ತೆಗೆದ.

ಮರುಕ್ಷಣ ಜನ ಕುರ್ಚಿಯ ಮೇಲೆ ಹತ್ತಿ ಶಿಳ್ಳೆ ಹೊಡೆದರು! ಮುಂದಿನ ಸಾಲಿನ ದಡೂತಿ ಆಸಾಮಿ ಬಿಕ್ಕಿ ಬಿಕ್ಕಿ ಅತ್ತ.

"ಒಳ್ಳೆ ಹುಡುಗ, ತಟ್ಟಿಯೇ ಒಳಗೆ ಹೋದ," ಎಂದರು ಅತ್ತೆ.

"ನೀನು ತಟ್ಟಿದ್ರೆ ಬಾಗಿಲೇ ಇರಲ್ಲ, ಸುಮ್ನಿರಮ್ಮ," ಎಂದಳು ಮಗಳು.

ಮರುದಿನ ಪತ್ರಿಕೆಗಳಲ್ಲಿ 'ಕಾಲಿನಿಂದ ಬೆರಳಿಗೆ: ಒಂದು ಆತ್ಮದ ಪಯಣ' ಎಂಬ ಲೇಖನ! ಆ ತೇಗ ಯಾರ ಬಚ್ಚಲಿನದೆಂದು ಬಲ್ಲ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಇರುತ್ತೇನೆಯೇ? ಗಡ್ಡ ಬೋಳಿಸಿಕೊಳ್ಳುವ ನೆಪದಲ್ಲಿ ಕ್ಷೌರದಂಗಡಿಯಲ್ಲಿ ಕೂತು ಎರಡು ತಾಸು ಭಾಷಣ ಬಿಗಿದೆ: "ಅದು ಕ್ಷಮೆ! ಅದು ವೈರಾಗ್ಯ! ಅಂತಃಕರಣದ ಕದ ತಟ್ಟಿದ್ದು ಕಣ್ರಯ್ಯಾ ಅದು!" ನಾಲ್ಕು ದಿನ ಹೇಳುವಷ್ಟರಲ್ಲಿ ನನಗೂ ನಂಬಿಕೆ ಬಂದುಬಿಟ್ಟಿತು.

ಐದನೆಯ ದಿನ ಕಾರ್ಖಾನೆಯ ಮುಂದೆ ಕಾರು ನಿಂತಿತು. ಇಳಿದವರು ನಾಯಕರೇ! ಕೊಂಚ ಕುಂಟುತ್ತ ಬಂದು ನನ್ನ ಸ್ಟೂಲಿನ ಮೇಲೆ ಕೂತರು. ನಾನು ಉಳಿಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

"ಆ ನೀಲಿ ಬಾಗಿಲು ಮಾಡಿದ್ದು ನೀವೇನಾ?"

"ಹೇಳ್ರೀ," ಎಂದು ಹೆಂಡತಿ ಬೆನ್ನಿಗೆ ತಿವಿದಳು.

"ನಾನೇ ಸರ್."

"ಮುಂದಿನ ಚಿತ್ರಕ್ಕೂ ಅಂಥದ್ದೇ ಬೇಕು. ಇನ್ಮೇಲೆ ಒದೆಯೋ ಹಂಗಿಲ್ಲ, ಕಾಲು ಉಳೀತು."

ಬದುಕಿದೆ! ಬದುಕಿದವನು ಸುಮ್ಮನಿರಬಾರದಿತ್ತೇ? ಕೈಮುಗಿದು ಕೇಳಿಯೇಬಿಟ್ಟೆ: "ಸರ್, ಜಗತ್ತೇ ಕೇಳ್ತಾ ಇದೆ. ಬಾಗಿಲು ಒಡೆಯದೆ ನಿಂತ ಆ ಕ್ಷಣ, ನಿಮ್ಮ ಕಣ್ಣು ತುಂಬಿ ಬಂದ ಆ ಕ್ಷಣ, ನಿಮ್ಮ ಮನಸ್ಸಲ್ಲಿ ಏನು ಹರೀತಾ ಇತ್ತು? ಕ್ಷಮೆಯಾ? ವೈರಾಗ್ಯವಾ?"

ನಾಯಕ ಪಾದ ತಿಕ್ಕಿಕೊಂಡರು.

"ಏನಿಲ್ಲ. ಒಳಗೆ ಯಾರೋ ಇದ್ದಾರೇನೋ ಅಂದ್ಕೊಂಡೆ."