ಅಮಾವಾಸ್ಯೆಗೊಂದು ಪಾಸ್‌ವರ್ಡ್

ನಮ್ಮ ಕಾಕಾನ ಮೇಲೆ ಸರ್ಕಾರ ಹಗಲಿರುಳು ಕಣ್ಣಿಟ್ಟಿದೆ. ಇದು ನನ್ನ ಮಾತಲ್ಲ, ಕಾಕಾ ಅವರೇ ಹೇಳುವ ಮಾತು. ಸರ್ಕಾರಕ್ಕೆ ಬೇರೆ ಕೆಲಸವಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. "ಕೆಲಸ ಅದ. ಮಾಡಂಗಿಲ್ಲಲ್ಲ, ಹಿಂಗಾಗಿ ಟೈಮ್ ಸಿಗ್ತದ" ಎಂದರು. ನಿಜಕ್ಕೂ ದಿಲ್ಲಿಯಲ್ಲಿ ಯಾವನೋ ಅಧಿಕಾರಿ ನಮ್ಮ ಕಾಕಾನ ಬೆನ್ನು ಹತ್ತಿದ್ದರೆ, ಪಾಪ, ಅವನಿಗೆ ಇಷ್ಟು ದಿನದಲ್ಲಿ ಸಿಕ್ಕಿರುವುದೇನು? ಮುಂಜಾನೆ ಕಲಬುರಗಿಯ ಬ್ರಹ್ಮಪುರದ ಮನೆಯಿಂದ ಹೊರಬಿದ್ದರು, ಮೆಂತ್ಯದ ಸೂಡು ಸಣ್ಣದಾಯಿತೆಂದು ಜಗಳ ತೆಗೆದರು, ಚುರುಮುರಿಯ ಸುಸಲಾ ತಿಂದರು, ಮಲಗಿದರು. ಸಾಯಂಕಾಲ ಎದ್ದು ಮತ್ತೆ ಸುಸಲಾ ತಿಂದರು!

ಈ ಅನುಮಾನ ಹುಟ್ಟಿದ್ದಕ್ಕೆ ಕಾರಣವಿದೆ. ಕಲಬುರಗಿ ಇನ್ನೂ ಗುಲಬರ್ಗಾ ಆಗಿದ್ದ ಕಾಲದಲ್ಲಿ ಕಾಕಾ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಜನ ಟ್ರಂಕ್ ಕಾಲ್ ಬುಕ್ ಮಾಡಿ ಜಪ ಮಾಡುತ್ತ ಕೂರುತ್ತಿದ್ದ ದಿನಗಳು. ಈ ತಂತಿಯನ್ನು ಆ ತೂತಿಗೆ ಸಿಕ್ಕಿಸಿ, "ಮಾತಾಡ್ರಿ" ಎಂದು ಹೇಳಿ, ಆಪರೇಟರ್ ತನ್ನ ಕಿವಿಯನ್ನು ತೆಗೆದುಬಿಡಬೇಕು. ನಮ್ಮ ಕಾಕಾ ಕಿವಿ ತೆಗೆಯುವುದು ಸ್ವಲ್ಪ ತಡವಾಗುತ್ತಿತ್ತು, ಅಷ್ಟೆ. ಯಾರ ಮಗಳಿಗೆ ಬೀದರಿನ ವರ ಗೊತ್ತಾದ, ಯಾರ ಅಳಿಯ ಮುನಿಸಿಕೊಂಡು ಸೊಲ್ಲಾಪುರಕ್ಕೆ ಹೋದ ಎಂಬುದೆಲ್ಲ ಊರಿಗಿಂತ ಮೊದಲು ಇವರಿಗೆ ಗೊತ್ತಿರುತ್ತಿತ್ತು.

"ತಂತಿ ಇದ್ದಾಗ ನಾನ ಕೇಳೀನಿ. ಈಗ ತಂತೀನೂ ಇಲ್ಲ, ಮಾತು ಖುಲ್ಲಾ ಗಾಳ್ಯಾಗ ಹೊಂಟದ. ಕೇಳಲಾರದ ಬಿಡ್ತಾರೇನು?" ಎಂದು ಕಾಕಾ ವಾದಿಸುತ್ತಾರೆ. ಅಡುಗೆಮನೆಯಿಂದ ಕಾಕು, ಅಂದರೆ ಅವರ ಹೆಂಡತಿ, "ತಾ ಕಳ್ಳ, ಪರರ ನಂಬ" ಎಂದು ಒಗ್ಗರಣೆಯ ಜೊತೆಗೇ ಗಾದೆಯನ್ನೂ ಹಾಕುತ್ತಾಳೆ.

ಮಕ್ಕಳು ಕೂಡಿ ಸ್ಮಾರ್ಟ್ ಫೋನ್ ಕೊಡಿಸಿದ ದಿನ ಕಾಕಾ ಮಾಡಿದ ಮೊದಲ ಕೆಲಸವೆಂದರೆ ಕಾಕು ಹಣೆಗೆ ಹಚ್ಚುವ ಟಿಕಳಿಯ ಪಾಕೀಟಿಗೆ ಕೈ ಹಾಕಿದ್ದು. ಫೋನಿನ ಹಿಂದಿನ ಕ್ಯಾಮರಾಗೆ ಒಂದು ದೊಡ್ಡ ಟಿಕಳಿ, ಮುಂದಿನದಕ್ಕೆ ಒಂದು ಸಣ್ಣದು. ಪಕ್ಕದ ಮನೆಯವರು ಇದೇನ್ರಿ ಎಂದು ಕೇಳಿದರೆ ಕಾಕು, "ನಮ್ಮನಿ ಫೋನ್ ಮುತ್ತೈದಿ ಅದರಿ" ಎಂದಳು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದಾಗ ಫೋಟೋ ತೆಗೆಯುವ ಹೊಣೆ ಕಾಕಾನ ಮೇಲೆ ಬಿತ್ತು. ಆ ಸಂಭ್ರಮದಲ್ಲಿ ಟಿಕಳಿ ಅರ್ಧ ಜಾರಿದ್ದನ್ನು ಯಾರೂ ಗಮನಿಸಲಿಲ್ಲ. ಇವತ್ತಿಗೂ ಆ ಆಲ್ಬಮ್ಮಿನಲ್ಲಿ ಪ್ರತಿ ಫೋಟೋದಲ್ಲೂ ಕೂಸಿನ ತಲೆಯ ಮೇಲೆ ಒಂದು ಕೆಂಪು ಸೂರ್ಯ ಮುಳುಗುತ್ತಲೇ ಇದ್ದಾನೆ. ಮಗಳು ಅಳುಮೋರೆ ಮಾಡಿದಳು. "ಇರ್ಲಿ ಬಿಡವ್ವ, ಕೂಸಿಗಿ ದೃಷ್ಟಿ ಆಗಂಗಿಲ್ಲ" ಎಂದು ಕಾಕು ಸಮಾಧಾನ ಮಾಡಿದಳು.

ಮನೆಯಲ್ಲಿ ಮಹತ್ವದ ಮಾತು ನಡೆಯುವಾಗ ಫೋನನ್ನು ಜೋಳದ ಡಬ್ಬಿಯಲ್ಲಿ ಹೂಳುವುದು ಇನ್ನೊಂದು ಕ್ರಮ. ಮಹತ್ವದ ಮಾತೆಂದರೆ ಯಾವ ಮದುವೆಯಲ್ಲಿ ಯಾರು ನಮಗೆ ಎರಡನೆಯ ಹೋಳಿಗೆ ಬಡಿಸಲಿಲ್ಲ ಎನ್ನುವಂಥದ್ದು. ಒಮ್ಮೆ ಫೋನ್ ಒಳಗಿರುವುದನ್ನು ಮರೆತು ಜೋಳವನ್ನು ಗಿರಣಿಗೆ ಕಳಿಸಿಬಿಟ್ಟರು. ಹಿಟ್ಟಿನ ಗಿರಣಿಯವನು ಚೀಲ ಸುರಿಯಲು ಎತ್ತಿದರೆ ಚೀಲದೊಳಗಿಂದ ಫೋನ್ ಬಡಿದುಕೊಂಡಿತು. ಅವನು ಚೀಲ ಬಿಟ್ಟು ರಸ್ತೆಗೆ ಓಡಿದನಂತೆ.

ಡಬ್ಬಿ ಕೈಗೆಟುಕದಿದ್ದಾಗ ಕಾಕಾ ನೇರವಾಗಿ ಕೇಳುವವನಿಗೇ ಹೇಳಿಬಿಡುತ್ತಾರೆ. ಫೋನನ್ನು ಬಾಯಿಯ ಹತ್ತಿರ ಹಿಡಿದು, "ಸಾಹೇಬ್ರ, ಜರಾ ಕಿವಿ ಮುಚ್ಕೋರಿ. ಇದು ಗಂಡ ಹೆಂಡ್ತಿ ಮಾತದ" ಎನ್ನುತ್ತಾರೆ. ಕಾಕುವಿಗೆ ಆ ಕಾಣದ ಸಾಹೇಬರ ಮೇಲೆ ಬಹಳ ಕನಿಕರ. "ದಿನಾ ನಮ್ಮ ಸುದ್ದಿ ಕೇಳ್ಕೋತ ಕೂತಿರ್ತಾನ. ಉಂಡಾನೋ ಇಲ್ಲೋ" ಎಂದು ಮರುಗುತ್ತಾಳೆ.

ಇಷ್ಟೆಲ್ಲದರ ಮೇಲೆ ಕಳಸವಿಟ್ಟಂತೆ ಹೋದ ವರ್ಷ ಬಂದದ್ದು ಗುರುತಿನ ಮಾತು. ಇನ್ನು ಮುಂದೆ ಯಾರೇ ಫೋನ್ ಮಾಡಿದರೂ ಮೊದಲು ಪಾಸ್‌ವರ್ಡ್ ಹೇಳಬೇಕು, ಆಮೇಲೆ ಮಾತು. ಪ್ರತಿ ಅಮಾವಾಸ್ಯೆಗೆ ಪಾಸ್‌ವರ್ಡ್ ಬದಲು. ಅದನ್ನು ಫೋನಿನಲ್ಲಿ ಹೇಳುವುದಿಲ್ಲ. "ಫೋನಿನ್ಯಾಗ ಪಾಸ್‌ವರ್ಡ್ ಹೇಳೋದಂದ್ರ ಕೀಲಿ ಹಾಕಿ ಕೀಲಿಕೈ ಬಾಗಲಕ್ಕ ತೂಗಬಿಟ್ಟಂಗ" ಎನ್ನುತ್ತಾರೆ. ಹಾಗಾಗಿ ಬೇಕಾದವರೆಲ್ಲ ಅಮಾವಾಸ್ಯೆಯ ದಿನ ಬ್ರಹ್ಮಪುರದ ಮನೆಗೇ ಬರಬೇಕು, ಉಣ್ಣಬೇಕು, ಕಿವಿಯಲ್ಲಿ ಮಾತು ಕೇಳಿಕೊಂಡು ಹೋಗಬೇಕು. ಬಾರದವರಿಗೆ ಮುಂದಿನ ಅಮಾವಾಸ್ಯೆಯವರೆಗೆ ಲೈನಿಲ್ಲ! ದೀಪಾವಳಿಗೂ ಮುಖ ತೋರಿಸದಿದ್ದ ನೆಂಟರು ತಿಂಗಳು ತಿಂಗಳು ಬರತೊಡಗಿದರು. ಕಾಕುವಿನ ಹೋಳಿಗೆಯ ರುಚಿಯೂ ಅದಕ್ಕೆ ಸ್ವಲ್ಪ ಕಾರಣ.

ಪಾಸ್‌ವರ್ಡ್ ಆರಿಸುವ ಅಧಿಕಾರ ಮಾತ್ರ ಕಾಕುವಿನದು. ಅವಳ ತವರು ಕಮಲಾಪುರ, ಕೆಂಪು ಬಾಳೆಹಣ್ಣಿನ ಊರು. ಅವಳು ಆರಿಸುವ ಮಾತೂ ಅಲ್ಲಿಯದೇ, ಒಂದೊಂದಕ್ಕೂ ಒಂದೊಂದು ಕತೆ. ಒಮ್ಮೆ ಊರ ಬಾವಿ, ಒಮ್ಮೆ ಸಾಲಿಯ ಮಾಸ್ತರು, ಒಮ್ಮೆ 'ಚಂದ್ರಿ' ಎಂದಳು. ಚಂದ್ರಿ ಅವಳ ತವರುಮನೆಯ ಎಮ್ಮೆ. ಕಾಕುವಿನ ಹೊರತು ಯಾರೂ ಕೆಚ್ಚಲಿಗೆ ಕೈ ಹಚ್ಚುವಂತಿರಲಿಲ್ಲ. ಕಾಕು ಮದುವೆಯಾಗಿ ಬಂದ ಮೇಲೆ ಎಮ್ಮೆ ಹಾಲು ಬಿಡಲೊಲ್ಲದು. ಕಡೆಗೆ ಅವಳ ತಮ್ಮ ಅಕ್ಕನ ಹಳೆಯ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಹಿಂಡಲು ಕೂತ. ಚಂದ್ರಿ ತಿರುಗಿ ಸೀರೆ ಮೂಸಿ ನೋಡಿ, ಕಾಕುವೇ ಬಂದಳೆಂದುಕೊಂಡು ತಂಬಿಗೆ ತುಂಬ ಹಾಲು ಕೊಟ್ಟಿತು. ಕತೆ ಹೇಳುತ್ತ ಕಾಕು ನಗುತ್ತಾಳೆ, ನಗುತ್ತ ಕಣ್ಣೊರೆಸಿಕೊಳ್ಳುತ್ತಾಳೆ. ಕಾಕಾ ಗಂಭೀರವಾಗಿ, "ನೋಡಿದಿ? ಎಮ್ಮಿಗಿ ಪಾಸ್‌ವರ್ಡ್ ಇರ್ಲಿಲ್ಲ. ಅದಕ್ಕ ಮೋಸ ಹೋತು" ಎಂದರು.

ನಾನು ಇದೇ ಊರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ನನ್ನ ಪಾಠವನ್ನು ಕಣ್ಣು ತೆರೆದುಕೊಂಡು ಕೇಳಿದ ಏಕೈಕ ವಿದ್ಯಾರ್ಥಿ ಎಂದರೆ ಕಾಕಾ. ಒಂದು ದಿನ, "ಈ ಬ್ಯಾಕಪ್ ಅಂತಾರಲ್ಲ, ಅದೇನು?" ಎಂದು ಕೇಳಿದರು. ಒಂದೇ ಕಡೆ ಇಟ್ಟದ್ದು ಹಾಳಾಗಬಹುದು ಕಾಕಾ, ಅದಕ್ಕೇ ನಾಲ್ಕು ಕಡೆ ಪ್ರತಿ ಇಟ್ಟಿರಬೇಕು, ಇಲ್ಲಿ ಹೋದರೂ ಅಲ್ಲಿ ಸಿಗುತ್ತದೆ ಎಂದೆ. "ಹ್ಞಾಂ" ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ "ಹ್ಞಾಂ" ಎಂದರು.

ಒಂದು ಅಮಾವಾಸ್ಯೆಯ ಊಟದ ಹೊತ್ತಿಗೆ ವಿಡಿಯೋ ಕಾಲ್ ಬಂತು. ದಿಲ್ಲಿಯ ದೊಡ್ಡ ಪೊಲೀಸ್ ಅಧಿಕಾರಿಯಂತೆ, ಸಮವಸ್ತ್ರ, ಹಿಂದೆ ಧ್ವಜ. ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಮನೆ ಬಿಟ್ಟು ಕದಲುವಂತಿಲ್ಲ ಎಂದು ಹಿಂದಿಯಲ್ಲಿ ಗುಡುಗಿದ. ನನ್ನ ಕೈಯೊಳಗಿನ ಹೋಳಿಗೆ ಕೈಯಲ್ಲೇ ಉಳಿಯಿತು. ಕಾಕಾ ನಿಧಾನಕ್ಕೆ ತುಪ್ಪ ಹಾಕಿಕೊಂಡು, "ವೋ ಸಬ್ ಠೀಕ್ ಹೈ ಸಾಬ್, ಪೈಲೆ ಪಾಸ್‌ವರ್ಡ್ ಬೋಲೋ" ಎಂದರು. ಅವನು ಕಾನೂನಿನ ಕಲಮುಗಳನ್ನು ಹೇಳಿದ. "ನಂಬರ್ ನಕ್ಕೋ, ಪಾಸ್‌ವರ್ಡ್." ಮುಖ ತೋರಿಸು ಎಂದು ಅವನು ಕೂಗಾಡಿದ, ಅತ್ತ ಅವನಿಗೆ ಕಾಣುತ್ತಿದ್ದದ್ದು ಕಾಕುವಿನ ಟಿಕಳಿ ಮಾತ್ರ. ಕಡೆಗೆ ಬೇಸತ್ತು ಅವನೇ ಫೋನಿಟ್ಟ. ನಾವೆಲ್ಲ ಬಿದ್ದು ಬಿದ್ದು ನಕ್ಕರೆ ಕಾಕಾ ಮಾತ್ರ ಸಪ್ಪಗಾಗಿದ್ದರು. "ಇಷ್ಟ್ ವರ್ಷಕ್ಕ ಒಬ್ಬಾವ ಸರ್ಕಾರದಾಂವ ಫೋನ್ ಮಾಡಿದ. ಅಂವನೂ ನಕಲಿ ಹೊಂಟ" ಎಂದು ಕೈ ತೊಳೆದರು.

ನಗುವಿನ ನಡುವೆ ಒಂದು ವಿಷಯ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಕಾಕುವಿಗೆ ಮರೆವು ಶುರುವಾಗಿತ್ತು. ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು, ಇಲ್ಲವೇ ಬೀಳುತ್ತಲೇ ಇರಲಿಲ್ಲ. ಹಾಲು ಒಲೆಯ ಮೇಲೇ ಕರಿಯಾಗಿ ಹೋದದ್ದುಂಟು. ಒಂದು ಸಂಜೆ ಗುಡಿಯಿಂದ ಬರುವಾಗ ತನ್ನ ಮನೆಯ ಬಾಗಿಲನ್ನೇ ದಾಟಿ ಮುಂದೆ ಹೋಗಿದ್ದಳು. ಮಗಳಿಗೆ ಜೀವ ಹೊಡೆದುಕೊಂಡಿತು. ಅವಳ ಗಂಡ ಊರಿಗೆ ಹತ್ತಿರದ ನಂದೂರಿನಲ್ಲಿ ಬೇಳೆ ಗಿರಣಿ ನಡೆಸುತ್ತಾನೆ. ಅಲ್ಲಿಂದಲೇ ದಿನವಿಡೀ ಅವ್ವನನ್ನು ಫೋನಿನಲ್ಲಿ ನೋಡುತ್ತಿರಬೇಕೆಂದು ಅಡುಗೆಮನೆಗೆ ಹಾಕಲು ಒಂದು ಕ್ಯಾಮರಾ ತಂದಳು.

ಕಾಕಾ ಕ್ಯಾಮರಾದ ಡಬ್ಬಿಯನ್ನು ಬಿಚ್ಚಗೊಡಲಿಲ್ಲ. "ಅಕೀ ಅಡಗಿಮನ್ಯಾಗ ಅಕೀ ತಲಿ ಕೆರಕೊಳ್ಳಾಕೂ ಸೆರಗು ಸರಿ ಮಾಡ್ಕೋಬೇಕೇನು? ಸರ್ಕಾರ ನೋಡೋದ ಬ್ಯಾಡಂದೀನಿ. ನೀ ನೋಡಿದ್ರ ನಡೀತದೇನು?"

"ನಾ ಮಗಳಿದ್ದೀನಪ್ಪ. ಗ್ಯಾಸ್ ಹಂಗೇ ಬಿಟ್ಟು ಮಲ್ಕೊಂಡ್ಳಂದ್ರ?"

ಇಬ್ಬರ ಮಾತೂ ಸರಿಯೇ, ಯಾರ ಕಡೆ ಸೇರಲಿ? ಜಗಳ ಬಗೆಹರಿಸಿದವಳು ಕಾಕುವೇ. "ನಾ ಒಬ್ಬಾಕಿನ ಕಮಲಾಪುರಕ್ಕ ಹೋಗಿ ಬಾಳಿಹಣ್ಣ ತರ್ತೀನಿ. ತಂದ್ರ ಈ ಡಬ್ಬಿ ನೀ ವಾಪಸ್ ಒಯ್ಯಿ. ತರ್ಲಿಲ್ಲಂದ್ರ ಹಾಕು, ನಾ ಒಲ್ಲೆನ್ನಂಗಿಲ್ಲ" ಎಂದಳು. ಕಾಕಾನ ಮುಖ ಬಿಳುಚಿತು. ಆದರೆ ಬೇಡವೆನ್ನಲಿಲ್ಲ.

ಮರುದಿನ ಮಗಳ ಫೋನನ್ನು ಕಾಕುವಿನ ಕೈಗೆ ಕೊಟ್ಟು, ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸಿನಲ್ಲಿ ಅವಳನ್ನು ಕೂರಿಸಿ ಬಂದೆವು. ಆಮೇಲೆ ನಾವು ಮೂವರೂ ಕಾಕಾನ ಫೋನಿನ ಸುತ್ತ ಕೂತೆವು. ಮಹತ್ವದ ಮಾತಿನ ಹೊತ್ತಿನಲ್ಲಿ ಮೊದಲ ಬಾರಿಗೆ ಅದು ಜೋಳದ ಡಬ್ಬಿಯ ಹೊರಗೆ, ಪಡಸಾಲೆಯ ನಡುವೆ ಸ್ಟೂಲಿನ ಮೇಲಿತ್ತು. ಬಡಿದುಕೊಂಡ ಕೂಡಲೇ ಕಾಕಾ ಎತ್ತಿ ಸ್ಪೀಕರ್ ಒತ್ತಿದರು.

"ಯಾರ್ರಿ ತಾವು? ಗುರುತಿನ ಮಾತು ಹೇಳ್ರಿ" ಎಂದರು. ಹೆಂಡತಿಗೂ ಇದೇ ಮರ್ಯಾದೆ, ಪಾಸ್‌ವರ್ಡ್ ಹೇಳುವವರೆಗೆ ಅವಳೂ ಬಹುವಚನವೇ.

ಆ ತಿಂಗಳು ಚಂದ್ರಿಯ ತಿಂಗಳು. ಅತ್ತಲಿಂದ ಬಸ್ಸಿನ ಹಾರ್ನ್ ಕೇಳಿತು. ಕಾಕು ಸಣ್ಣ ದನಿಯಲ್ಲಿ, "ನೆನಪಾಗವಲ್ದರಿ" ಎಂದಳು. "ತಮ್ಮನ ಮನಿ ಯಾವ ಕಡಿ ಅದ, ಅದೂ ತಿಳೀವಲ್ದು. ಇಲ್ಲಿ ಎಲ್ಲಾ ಹೊಸಾ ಅಂಗಡಿ ಆಗ್ಯಾವ."

ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಕಾಕಾ ಕೈ ಎತ್ತಿ ಸುಮ್ಮನಿರಿಸಿ, ಏನೂ ಆಗಿಲ್ಲವೆಂಬಂತೆ ಕೇಳಿದರು. "ಆಗ್ಲಿ. ಈಗ ನಿನ್ನ ಕಣ್ಣ ಮುಂದ ಏನದ, ಅದನ್ನ ಹೇಳು."

"ಬಾಳಿಹಣ್ಣಿನ ಬಂಡಿ ಅದ. ಕೆಂಪು ಬಾಳಿಹಣ್ಣು."

"ಅದಾ ಪಾಸ್‌ವರ್ಡ್. ಈಗಷ್ಟ ಬದಲ್ ಮಾಡೀನಿ. ಬಂಡಿ ಬಿಟ್ಟು ಕದಲಬ್ಯಾಡ, ಲೈನ್ ಕೊಡ್ತೀನಿ."

ಅಮಾವಾಸ್ಯೆ ಇನ್ನೂ ದೂರವಿತ್ತು!

ಕಾಕಾ ನನ್ನ ಫೋನ್ ಕಸಿದುಕೊಂಡು ಕಮಲಾಪುರದ ಭಾವಮೈದುನನಿಗೆ, ಅಂದರೆ ಕಾಕುವಿನ ತಮ್ಮನಿಗೆ ಹಚ್ಚಿದರು. ಅವನು ಹಲೋ ಎಂದದ್ದೇ ತಡ, ಎರಡೂ ಫೋನುಗಳನ್ನು ಸ್ಟೂಲಿನ ಮೇಲೆ ಒಂದರ ತಲೆಗೆ ಇನ್ನೊಂದರ ಕಾಲು ಬರುವಂತೆ ಜೋಡಿಸಿಟ್ಟು, ಹಳೆಯ ಆಪರೇಟರ್ ದನಿಯಲ್ಲಿ "ಮಾತಾಡ್ರಿ" ಎಂದರು. ಆಮೇಲೆ ನಮ್ಮಿಬ್ಬರ ತೋಳು ಹಿಡಿದೆಬ್ಬಿಸಿದರು. "ನಡೀರಿ ಅಂಗಳಕ್ಕ. ಲೈನ್ ಕೊಟ್ಟ ಮ್ಯಾಲ ಕೇಳಬಾರ್ದು."

ಊರಿನ ಟ್ರಂಕ್ ಕಾಲ್‌ಗಳನ್ನೆಲ್ಲ ಕೇಳಿದ ಮನುಷ್ಯ ಅಂಗಳದಲ್ಲಿ ತುಳಸಿಕಟ್ಟೆಯ ಕಡೆ ಮುಖ ಮಾಡಿ ನಿಂತರು. ಒಳಗಿನಿಂದ ನಮಗೆ ಮಾತು ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕಾಕು ಗಟ್ಟಿಯಾಗಿ ನಕ್ಕದ್ದು ಮಾತ್ರ ಕೇಳಿಸಿತು. ತಮ್ಮ ಏನು ಹೇಳಿ ನಗಿಸಿದನೋ ನನಗೆ ಇವತ್ತಿಗೂ ಗೊತ್ತಿಲ್ಲ, ನಾನು ಕೇಳಲೂ ಇಲ್ಲ.

ಸಂಜೆ ತಮ್ಮನ ಮೋಟಾರ್ ಸೈಕಲ್ಲಿನ ಹಿಂದೆ ಕೂತು, ಮಡಿಲಲ್ಲಿ ಕೆಂಪು ಬಾಳೆಹಣ್ಣಿನ ಗೊನೆ ಇಟ್ಟುಕೊಂಡು ಕಾಕು ಬಂದಳು. ಇಳಿದವಳೇ ಮಗಳಿಗೆ, "ಹಣ್ಣ ತಂದೀನಿಲ್ಲೋ?" ಎಂದಳು. ತಂದದ್ದಂತೂ ನಿಜ, ಒಬ್ಬಳೇ ತಂದಳೋ ಎಂದು ಕೇಳುವ ಧೈರ್ಯ ಯಾರಿಗಿತ್ತು? ಮಗಳು ತಾಯಿಯನ್ನು ತಬ್ಬಿಕೊಂಡು ಅತ್ತು, ಡಬ್ಬಿ ವಾಪಸ್ ಒಯ್ದಳು. ಈಗ ತಾನೇ ದಿನಾ ಮಧ್ಯಾಹ್ನ ಬಂದು ಅವ್ವನ ಜೊತೆ ಅಡುಗೆಮನೆಯಲ್ಲಿ ಕೂರುತ್ತಾಳೆ. ಕ್ಯಾಮರಾ ನಂದೂರಿನ ಗಿರಣಿಯಲ್ಲಿ ತೊಗರಿ ಚೀಲಗಳನ್ನು ಕಾಯುತ್ತಿದೆ. ಚೀಲಗಳಿಂದ ಈವರೆಗೆ ತಕರಾರು ಬಂದಿಲ್ಲ.

ಮುಂದಿನ ಅಮಾವಾಸ್ಯೆಗೆ ಹೋದಾಗ ಕಾಕಾ ಹೊಸ ಪಾಸ್‌ವರ್ಡ್ ಕೊಡಲಿಲ್ಲ. "ಹಳೇವ ನಡೀತಾವ. ಯಾವುದನ್ನರ ಹೇಳ್ರಿ, ಆದ್ರ ಹೇಳ್ರಿ" ಎಂದರು. ಊಟಕ್ಕೆ ಕೂತ ನೆಂಟರನ್ನೆಲ್ಲ ನೋಡಿದೆ. ಒಬ್ಬೊಬ್ಬರ ಬಾಯಲ್ಲೂ ಕಾಕುವಿನ ಬಾವಿ, ಕಾಕುವಿನ ಮಾಸ್ತರು, ಕಾಕುವಿನ ಎಮ್ಮೆ. ನನ್ನ ಬ್ಯಾಕಪ್ ಪಾಠಕ್ಕೆ ಅವರು ಎರಡು ಸಲ "ಹ್ಞಾಂ" ಎಂದದ್ದು ಆಗ ನೆನಪಾಯಿತು.

ನಿನ್ನೆ ಫೋನ್ ಮಾಡಿದೆ. ಎತ್ತಿದವಳು ಕಾಕು. "ಯಾರ್ರಿ ತಾವು? ಗುರುತಿನ ಮಾತು ಹೇಳ್ರಿ."

"ಚಂದ್ರಿ" ಎಂದೆ.

ಕಾಕುವಿನ ದನಿ ಅರಳಿತು. "ಅಯ್ಯ, ಚಂದ್ರಿ ನಮ್ಮ ತವರಮನಿ ಎಮ್ಮಿ! ನಿನಗ್ಯಾರು ಹೇಳಿದ್ರವ್ವ? ಕೇಳು, ನಾ ಮದಿವ್ಯಾಗಿ ಬಂದ ಮ್ಯಾಲ ಏನಾತಂದ್ರ..."

ಹೇಳು ಕಾಕು ಎಂದೆ. ಅವಳ ಹಿಂದಿನಿಂದ ಕಾಕಾ ಫೋನಿನ ಹತ್ತಿರ ಬಾಗಿ ಮೆಲ್ಲಗೆ ಹೇಳಿದ್ದು ಕೇಳಿಸಿತು.

"ಸಾಹೇಬ್ರ, ಈಗ ಕಿವಿ ತೆರೀರಿ. ನೀವೂ ಕೇಳಿ ನೆನಪಿಟ್ಕೋರಿ."