ಹೂಜಿಯೊಳಗಿನ ಬೆಲ್ಜಿಯಂ

ಭಾನುವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಮನೆಯ ನಳ ಕೆಮ್ಮಿತು. ಬೆಟಗೇರಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಎಷ್ಟೋ ದಿನಕ್ಕೊಮ್ಮೆ ಹಮ್ಮಿಗಿಯ ಹೊಳೆಯಿಂದ ನೀರು ಬಂದಾಗ ನಾವು ಕೊಡ, ಹಂಡೆಗಳಲ್ಲಿ ಉಳಿದದ್ದನ್ನೆಲ್ಲ ಚೆಲ್ಲಿ, ತಿಕ್ಕಿ, ಹೊಸದಾಗಿ ತುಂಬುತ್ತೇವೆ. ನಳದ ಮೊದಲ ನೀರು ಬರೀ ರಾಡಿ. ಸರಿಯಾಗಿ ಆಗಲೇ ಲಕ್ಷ್ಮೇಶ್ವರದವರು ತಂಗಿಯನ್ನು ನೋಡಲು ಬಂದರು. ಹುಡುಗ ಅವಳಿಗೆ ಮೊದಲೇ ಮೆಚ್ಚಿಗೆ. ಒಪ್ಪಬೇಕಾದವರು ಅವನ ಸೋದರಮಾವ ಶಿವಪುತ್ರಪ್ಪನವರು, ಚಹಾವನ್ನೂ ಚಟವೆಂದು ಬಿಟ್ಟವರು.

ನನ್ನ ಕೋಣೆಯ ಮಣ್ಣಿನ ಹೂಜಿಯಲ್ಲಿ ಗೋವಾದ ಗೆಳೆಯ ತಂದುಕೊಟ್ಟ ಬೆಲ್ಜಿಯನ್ ಬ್ಲಾಂಡ್ ಏಲ್ ಇತ್ತು, ಬಂಗಾರದ ಬಣ್ಣದ ಬೀರು. ಸೀಸೆಯ ತಳದ ಗಸಿ ಅಲುಗದಂತೆ ಬಗ್ಗಿಸಬೇಕು, ಹಿತವಾದ ತಂಪಿರಬೇಕು, ಬಾಯಲ್ಲಿ ಆಡಿಸಿ ಸವಿಯಬೇಕು ಎಂದೆಲ್ಲ ಓದಿಕೊಂಡಿದ್ದೆ. ಫ್ರಿಜ್ ಅವ್ವನ ಆಳ್ವಿಕೆಯಲ್ಲಿತ್ತು. ತಂಪಿಗೆ ಹೂಜಿ ಎಂದು ನನ್ನ ಎಂ.ಎ. ತಲೆ ಓಡಿತ್ತು.

ಪೈಪು ಹಿಡಿದು ಅಂಗಳದಲ್ಲಿ ನಿಂತಿದ್ದೆ. ಕೊಡಗಳೆಲ್ಲ ಖಾಲಿಯಾಗಿದ್ದರಿಂದ, ನೆಗಡಿಯಿಂದ ಮೂಗು ಕಟ್ಟಿದ್ದ ಅವ್ವ ಶಿವಪುತ್ರಪ್ಪನವರಿಗೆ ಬೆಲ್ಲದ ಜೊತೆ ಆ ಹೂಜಿಯಿಂದಲೇ ತಂಬಿಗೆ ತುಂಬಿ ಕೊಡುವುದು ಬಾಗಿಲಿನಿಂದ ಕಂಡಿತು. ಬುರುಗೂ ಕಂಡಿತು. ಕೂಗಿದರೆ ತಂಗಿಯ ಮದುವೆ ಮುರಿಯುತ್ತದೆ.

ಮಾವನವರು ಗುಟುಕು ಹಾಕಿ ಕಣ್ಣು ಮುಚ್ಚಿದರು. "ಅಕ್ಕಾರ, ಇದೇನು?"

"ನೀರ್ರಿ. ಹಮ್ಮಿಗಿ ಹೊಳಿದು."

"ಮೊದಲ ಲವಂಗ ಅನಸ್ತೈತಿ. ಆಮ್ಯಾಲೆ ಜೇನತುಪ್ಪ. ಕಡೀಕ ಒಂಚೂರು ಕಹಿ. ಇನ್ನೊಂದು ತಂಬಿಗಿ ಕೊಡ್ರಿ!"

ನಾನು ಓದಿದ್ದ ರುಚಿಗಳೇ, ಅದೇ ಸಾಲಿನಲ್ಲಿ! ಪೈಪು ನನ್ನ ಕಾಲ ಮೇಲೆಯೇ ಸುರಿಯುತ್ತಿತ್ತು. ಎರಡನೇ ತಂಬಿಗೆಗೆ ಅವರು ನಕ್ಕರು. ಹುಡುಗ ಗಾಬರಿಯಾಗಿ ಅವರ ಮುಖ ನೋಡಿದ; ಮಾವ ನಕ್ಕದ್ದನ್ನು ಅವನೂ ಕಂಡಿರಲಿಲ್ಲವೇನೋ. "ನೀರ ಇಷ್ಟು ರುಚಿ ಐತಿ ಅಂದ್ರ ಮಂದಿ ಹೆಂಗಿರಬೇಕು! ಹೆಣ್ಣು ಆತು, ಮುಹೂರ್ತ ತಗೀರಿ" ಎಂದರು.

ಆಮೇಲೆ ನನ್ನ ನಿದ್ದೆ ಹೋಯಿತು. ಮಲಗಿದರೆ ತಂಬಿಗೆಯ ಬುರುಗು ಏರುತ್ತಿತ್ತು. ಅಷ್ಟರಲ್ಲಿ ಮಾವನವರ ಫೋನು: "ತಮ್ಮಾ, ನಿಶ್ಚಯಕ್ಕ ಬರೂಮುಂದ ಆ ನೀರು ಒಂದು ಕ್ಯಾನ್ ತಾ." ಖರೇ ಹಮ್ಮಿಗಿ ನೀರನ್ನೇ ಒಯ್ದೆ. ಕುಡಿದು ಮುಖ ಕಿವಿಚಿದರು. "ಇದು ಅದಲ್ಲಲೇ!"

"ಮಳಿ ಆಗೇತಿ ನೋಡ್ರಿ ಮಾಮಾ, ಹೊಳಿಗೆ ಹೊಸಾ ನೀರು ಬಂದೈತಿ" ಎಂದೆ.

"ಹಂಗಾರ ಆ ರುಚಿ ಹೋತು ಅನ್ನು" ಎಂದು ನಿಟ್ಟುಸಿರಿಟ್ಟರು.

ತಂಗಿಯ ಮದುವೆಯ ಅಕ್ಕಿಕಾಳು ಬಿದ್ದ ಸೋಮವಾರ ರಾತ್ರಿ ಮೊದಲ ಸಲ ಬೆಳಗಿನವರೆಗೆ ಮಲಗಿದೆ. ಎದ್ದಾಗ ಅವ್ವ ಹೂಜಿ ತೊಳೆದು ತುಂಬಿಟ್ಟಿದ್ದಳು. ಒಂದು ಲೋಟ ಬಗ್ಗಿಸಿಕೊಂಡು, ಬಾಯಲ್ಲಿ ಆಡಿಸಿ, ಕಣ್ಣು ಮುಚ್ಚಿ, ಓದಿದವನಂತೆ ಲವಂಗ ಹುಡುಕಿದೆ. ಬರೀ ಹಮ್ಮಿಗಿ.