ಹತ್ತೊಂಬತ್ತು ಅಡಿ ಕಾರ್ಪೆಟ್ಟು

ಹದಿನೆಂಟು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಕ್ಷೇತ್ರಫಲ ಕಲಿಸುತ್ತಿರುವ ನಾನು, ಒಂದು ರೂಮಿಗೆ ಎಷ್ಟು ಕಾರ್ಪೆಟ್ ಬೇಕೆಂದು ಇನ್ನೊಬ್ಬರನ್ನು ಕೇಳುವುದೇ? ಛೆ ಛೆ!

ವಿಷಯ ಇಷ್ಟೇ. ಹೇರೋಹಳ್ಳಿಯಿಂದ ನಮ್ಮ ಅತ್ತೆ ಚಿಕ್ಕಲಕ್ಷ್ಮಮ್ಮನವರು ಭಾನುವಾರ ಬರುವವರಿದ್ದರು. ಮಂಡಿನೋವು, ತಣ್ಣನೆ ನೆಲ ಆಗದು. ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯ ಹಿಂದಿನ ರೂಮಿಗೆ ಕಾರ್ಪೆಟ್ ಹಾಸಬೇಕೆಂದು ನನ್ನಾಕೆ ಮಾನಸ ಅಪ್ಪಣೆ ಕೊಡಿಸಿದಳು.

"ಅಂಗಡಿಯವ್ರೇ ಬಂದು ಅಳತೆ ತಗೊಂಡು ಹೋಗ್ತಾರಂತೆ ಕಣ್ರೀ."

"ಗಣಿತದ ಮೇಷ್ಟ್ರ ಮನೆಗೆ ಅಳತೆಯವನು ಬರೋದಾ? ಮಾನ ಮರ್ಯಾದೆ ಬೇಡ್ವಾ? ಒಂದೇ ಒಂದು ಇಂಚು ತಪ್ಪಲಿ, ಒಂದು ತಿಂಗಳು ಪಾತ್ರೆ ನಾನೇ ತೊಳೀತೀನಿ!"

"ಜ್ಞಾಪಕ ಇರ್ಲಿ," ಎಂದಳು.

ಅವಳ ಹೊಲಿಗೆ ಡಬ್ಬಿಯಿಂದ ಬಟ್ಟೆಯ ಟೇಪು ತೆಗೆದೆ. ಕೊನೆಯಲ್ಲಿ ಅರವತ್ತು ಇಂಚು, ಅಂದರೆ ಐದಡಿ. ಗೋಡೆಯಿಂದ ಗೋಡೆಗೆ ಮಂಡಿಯೂರಿ ಹಾಸುತ್ತಾ ಹೋದೆ. ಉದ್ದಕ್ಕೆ ಸರಿಯಾಗಿ ಮೂರು ಸಲ: ಐದು ಮೂರ್ಲ ಹದಿನೈದು. ಅಡ್ಡಕ್ಕೆ ಎರಡು ಸಲ: ಐದು ಎರಡ್ಲ ಹತ್ತು. ಚೂರೂ ಉಳಿಯಲಿಲ್ಲ! ಇಂಥ ಶಿಸ್ತಿನ ರೂಮನ್ನು ನಾನು ಪಠ್ಯಪುಸ್ತಕದಲ್ಲೂ ಕಂಡಿರಲಿಲ್ಲ.

"ಓನರ್ ಮುನಿಯಪ್ಪನವರು ಹನ್ನೆರಡು-ಎಂಟು ಅಂದಿದ್ರಲ್ಲಾ?" ಮಾನಸ ರಾಗ ಎಳೆದಳು.

"ಪಾಪ, ಸಂಕೋಚದ ಮನುಷ್ಯ. ಕಮ್ಮಿ ಹೇಳಿದಾರೆ."

"ಯಾವ ಓನರ್ ರೀ, ತನ್ನ ರೂಮು ಇರೋದಕ್ಕಿಂತ ಚಿಕ್ಕದು ಅಂತಾನೆ?"

ಕೇಳಿಸಿಕೊಳ್ಳದೆ ಸ್ಕೂಟರ್ ಹತ್ತಿದೆ. ಮಾರೇನಹಳ್ಳಿಯ ಅಂಗಡಿಯಲ್ಲಿ ದುಂಡೇಶ ಕತ್ತರಿ ಹಿಡಿದು ಮೂರು ಸಲ ಕೇಳಿದ. "ಗ್ಯಾರಂಟೀನಾ ಸಾರ್? ಕತ್ತರಿಸಿದ್ಮೇಲೆ ವಾಪಸ್ ತಗೊಳಲ್ಲ."

"ಕತ್ತರಿಸಯ್ಯಾ!"

ಶನಿವಾರ ಸಂಜೆ ಹಾಸಿದೆವು. ಅಯ್ಯೋ ದೇವರೇ! ಕಾರ್ಪೆಟ್ ಗೋಡೆ ಮುಟ್ಟಿ ಸುಮ್ಮನಾಗದೆ ಮೇಲಕ್ಕೆ ಹತ್ತತೊಡಗಿತು. ಈ ಕಡೆ ತುಳಿದರೆ ಆ ಕಡೆ ಏಳುತ್ತಿತ್ತು. ಬಾಗಿಲು ಮುಚ್ಚಲಿಲ್ಲ. ಬೆವರಿಳಿಯಿತು. ಆದರೂ ಮೇಷ್ಟ್ರು ಸೋಲುವುದುಂಟೇ? ಹೊರಗೆ ಪಡಸಾಲೆಯಲ್ಲಿ ಬಿಚ್ಚಿ ಅದೇ ಟೇಪಿನಿಂದ ಅದರ ಉದ್ದ ಅಳೆದೆ. ಹತ್ತೊಂಬತ್ತು ಅಡಿ!

"ನೋಡಿದ್ಯಾ! ನಾನು ಹೇಳಿದ್ದು ಹದಿನೈದು. ಆ ದುಂಡೇಶ ನಾಲ್ಕಡಿ ಮೋಸ ಮಾಡಿದಾನೆ!"

"ಹೆಚ್ಚು ಕೊಟ್ಟು ಮೋಸ ಮಾಡ್ತಾರಾ? ಸೀರೆಗೂ ಅಂಥ ಅಂಗಡಿ ಇದ್ರೆ ಹೇಳ್ರೀ, ನಾಳೇನೇ ಹೋಗ್ತೀನಿ!" ಎನ್ನುತ್ತಾ ಟೇಪು ಕಸಿದುಕೊಂಡಳು. ಅದರ ಮೊದಲ ತುದಿಯನ್ನು ನನ್ನ ಮೂಗಿನ ಕೆಳಗೆ ಹಿಡಿದಳು. "ಇದರಲ್ಲಿ ಒಂದನೇ ಇಂಚು ಎಲ್ಲಿದೆ, ತೋರ್ಸಿ?"

ಇರಲಿಲ್ಲ. ಟೇಪು ಶುರುವಾಗುತ್ತಿದ್ದುದೇ ಹದಿಮೂರರಿಂದ. ಇಡೀ ಒಂದಡಿ ಮಾಯ! ನಾಲ್ಕಡಿ ಹಾಸಿದಾಗಲೆಲ್ಲ ಐದೆಂದು ಎಣಿಸಿದ್ದೆ; ದುಂಡೇಶ ಸರಿಯಾಗಿ ಕೊಟ್ಟಿದ್ದ ಹದಿನೈದಡಿ ಹತ್ತೊಂಬತ್ತಾದದ್ದೂ ಹಾಗೇ.

"ನಿನ್ನ ಟೇಪ್ ಕತ್ತರಿಸಿದ ಆ ಅವಿವೇಕಿ ಯಾರೇ?" ಎಂದು ಅವಳ ಪರವಾಗಿಯೇ ಗುಡುಗಿದೆ.

ಮಾನಸ ನಿಧಾನವಾಗಿ ಸೊಂಟದ ಮೇಲೆ ಕೈಯಿಟ್ಟಳು. "ಹೋದ ಆಯುಧಪೂಜೇಲಿ ಸ್ಕೂಟರಿಗೆ ಬಾಳೆಕಂದು ಕಟ್ಟೋಕೆ ದಾರ ಸಿಗ್ಲಿಲ್ಲ ಅಂತ ಹೊಲಿಗೆ ಡಬ್ಬಿಗೆ ಕೈ ಹಾಕಿದ್ದು ಯಾರು?"

ಓಡಿಹೋಗಿ ನೋಡಿದೆ. ಹ್ಯಾಂಡಲ್ಲಿನ ಬುಡದಲ್ಲಿ, ಒಣಗಿದ ಬಾಳೆನಾರಿನ ಜೊತೆ, ಒಂದರಿಂದ ಹನ್ನೆರಡರವರೆಗಿನ ಇಂಚುಗಳು ಮಾಸಿದ ಗಂಟಾಗಿ ಕೂತಿದ್ದವು. ಅವನ್ನೇ ಹಿಡಿದುಕೊಂಡು ಮಾರೇನಹಳ್ಳಿಗೂ ಹೋಗಿ ಬಂದಿದ್ದೆ!

ಆ ರಾತ್ರಿ ಮಾನಸಳೇ ಕೂತು ಕಾರ್ಪೆಟ್ ಕತ್ತರಿಸಿದಳು. ಒಂದು ಕೂದಲೆಳೆ ಆಚೀಚೆಯಾಗಲಿಲ್ಲ.

ಭಾನುವಾರ ಅತ್ತೆ ಬಂದರು, ಕಾರ್ಪೆಟ್ಟಿನ ಮೇಲೆ ಕಾಲುಚಾಚಿ ಮಗಳಿಂದ ಕಥೆಯೆಲ್ಲ ಕೇಳಿದರು. ಊಟವಾದ ಮೇಲೆ ನಾನು ಪಂಚೆ ಎತ್ತಿಕಟ್ಟಿ ಸಿಂಕಿನ ಮುಂದೆ ಸಾಂಬಾರಿನ ಪಾತ್ರೆ ಉಜ್ಜುತ್ತಿದ್ದಾಗ, ಒಂದು ಕಾರ್ಪೆಟ್ ತುಂಡು ಹಿಡಿದು ಕುಂಟುತ್ತಾ ಬಂದರು.

"ಅಳಿಯಂದ್ರೇ, ತಿಂಗಳು ಪೂರ್ತಿ ನಿಲ್ಬೇಕಲ್ಲ, ಕಾಲಿಗೆ ತಂಡಿ ಆಗುತ್ತೆ. ಇದನ್ನ ಹಾಕ್ಕೊಳಿ. ಸರಿಯಾಗಿ ಕೂರುತ್ತೆ, ಹೆದರ್ಬೇಡಿ. ಅಳತೆ ತಗೊಂಡಿರೋದು ಮಾನಸ!"